ಆವರಣದೊಳಗಿನ ಊರು

ಕಾಪುವಿನ ನಮ್ಮ ಮನೆಯ ಬಾಗಿಲಿನ ಮೇಲೊಂದು ಕಪ್ಪು ಹಲಗೆ. ಅದರಲ್ಲಿ ಬಿಳಿ ಬಣ್ಣದಲ್ಲಿ ಶಾಲಾ ಮಾಸ್ತರರಾಗಿದ್ದ ಅಪ್ಪನ ಹೆಸರು, ಮುಂದೆ ‘ಬಿ.ಎ. (ಮದ್ರಾಸು)’. ನಿಮಗೂ ನೆನಪಿರಬಹುದು, ಆಗೆಲ್ಲ ಪದವಿಗಿಂತ ಅದರ ಪಕ್ಕದ ಆವರಣ ಚಿಹ್ನೆಗೇ ಮರ್ಯಾದೆ ಹೆಚ್ಚು.

ಅಪ್ಪ ಓದಿದ್ದು ಮಂಗಳೂರಿನಲ್ಲಿ. ಜಿಲ್ಲೆಯ ಕಾಲೇಜುಗಳೆಲ್ಲ ಆಗ ಮದ್ರಾಸಿನ ಆ ಹಳೆಯ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದರಿಂದ ಪದವಿಪತ್ರ ಅಲ್ಲಿಂದ ಅಂಚೆಯಲ್ಲಿ ಬಂತು. ಆ ವಿಶ್ವವಿದ್ಯಾನಿಲಯದ ಆವರಣಕ್ಕೆ ಅವರು ಕಾಲಿಟ್ಟವರೇ ಅಲ್ಲ. ಹಲಗೆಯ ಆವರಣದಿಂದ ಮಾತ್ರ ಕೊನೆಯವರೆಗೂ ಹೊರಬರಲಿಲ್ಲ. ನೆರೆಮನೆಯ ದೋಣಿಯ ಸದಿಯಣ್ಣ, “ಮಾಷ್ಟ್ರೇ, ಮದ್ರಾಸಿನ ಬೂತಾಯಿಗೆ ನಮ್ಮದರ ರುಚಿ ಉಂಟಾ?” ಎಂದು ಕೇಳಿದರೆ, “ಅಲ್ಲಿಯ ಮೀನೇ ಬೇರೆ” ಎಂದು ಗಂಭೀರವಾಗಿ ಮುಂದೆ ನಡೆಯುತ್ತಿದ್ದರು.

ಅಕ್ಕ ಉಡುಪಿಯಲ್ಲಿ ಕಾಲೇಜಿಗೆ ಸೇರಿದಾಗ ಅಪ್ಪ ಉದ್ಯಾವರದ ಪೇಂಟರನನ್ನು ಕರೆಸಿ ಹಲಗೆಗೆ ಹೊಸ ಬಣ್ಣ ಹೊಡೆಸಿದರು. “ಕೆಳಗೆ ಒಂದು ಸಾಲು ಜಾಗ ಬಿಡು. ಮಗಳದ್ದು ಬರ್ಲಿಕ್ಕುಂಟು.” ಆಗ ನಮ್ಮ ಕಾಲೇಜುಗಳು ಮೈಸೂರಿನ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು, ಅದೂ ಹಳೆಯದೇ, ಅಪ್ಪ ಒಪ್ಪಿದ್ದರು. ಮನೆಯಿಂದ ಹೊರಡುವಾಗಲೆಲ್ಲ ಅಕ್ಕ ತಲೆಯೆತ್ತಿ ಆ ಖಾಲಿ ಸಾಲನ್ನು ನೋಡುತ್ತಿದ್ದಳು.

ಅವಳ ಓದು ಮುಗಿಯುವಷ್ಟರಲ್ಲಿ ನಮ್ಮ ಜಿಲ್ಲೆಗೇ ಮಂಗಳೂರಿನ ಹೆಸರಿನಲ್ಲಿ ಹೊಸ ವಿಶ್ವವಿದ್ಯಾನಿಲಯ ಬಂದಿತ್ತು. ಅದೇ ಬೆಂಚು, ಅದೇ ಮೇಷ್ಟ್ರುಗಳು, ಪದವಿಪತ್ರದಲ್ಲಿ ಹೊಸ ಹೆಸರು. ಅಪ್ಪ ಅದನ್ನು ಓದಿ ಮೇಜಿನ ಮೇಲಿಟ್ಟರು.

“ಬೋರ್ಡಿನಲ್ಲಿ ಎಂತ ಬರೆಯುವುದು? ಮೀನಿನ ಲಾರಿ ದಿನಾ ಹೋಗುವ ಊರಿನ ಹೆಸರಾ?”

“ನೀವು ಮದ್ರಾಸು ನೋಡಿದ್ದೀರಾ ಅಪ್ಪ?” ಎಂದಳು ಅಕ್ಕ.

ಅಪ್ಪನ ಮುಖ ಬಿಳುಚಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಾಗೆ ಕಟ್ಟಿಕೊಂಡದ್ದನ್ನೆಲ್ಲ ನಾನು ನಂಬುವುದಿಲ್ಲವಾದ್ದರಿಂದ, ಅಪ್ಪ ಹೋದ ಮೇಲೊಮ್ಮೆ ಆ ಪ್ರಶ್ನೆಯ ಬಗ್ಗೆ ಅಕ್ಕನನ್ನೇ ಕೇಳಿದೆ. ಅವಳೀಗ ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಕೆಲಸಕ್ಕಿದ್ದಾಳೆ. ಎಲ್ಲೆಲ್ಲಿಂದಲೋ ಬಂದ ಹುಡುಗಿಯರ ಹೆಸರು ಬರೆದು ಕೋಣೆಗಳ ಬಾಗಿಲಿಗೆ ಅಂಟಿಸುತ್ತಾಳೆ.

“ನಾನು ಕೇಳಲೇ ಇಲ್ಲ ಮಾರಾಯ,” ಎಂದಳು. “ಕೇಳಬೇಕಿತ್ತು, ಅಲ್ವಾ?”

ಯಾರೂ ಆಡದ ಒಂದು ಮಾತನ್ನು ಅವಳ ಬಾಯಿಗಿಟ್ಟು, ಅವಳಿಗೆ ನ್ಯಾಯ ಸಿಕ್ಕಿತೆಂದು ನಾನು ಇಷ್ಟು ಕಾಲ ಸಮಾಧಾನಪಟ್ಟುಕೊಂಡಿದ್ದೆ. ನಾಚಿಕೆಯಾಯಿತು. ಹಲಗೆಯ ಆ ಖಾಲಿ ಸಾಲಿನಲ್ಲಿ ನಿನ್ನ ಹೆಸರು ಬರೆಸೋಣವೇ ಎಂದೆ.

“ಈಗ ಯಾರಿಗೆ ತೋರಿಸ್ಲಿಕ್ಕೆ?”

ಹಲಗೆ ಈಗಲೂ ಅಲ್ಲೇ ಇದೆ. ಅಪ್ಪನ ಹೆಸರನ್ನೂ ಮದ್ರಾಸನ್ನೂ ಉಪ್ಪುಗಾಳಿ ತಿಂದುಹಾಕಿದೆ. ಏನೂ ಬರೆಯದ ಕೆಳಗಿನ ಸಾಲು ಮಾತ್ರ ಹಾಗೆಯೇ ಉಳಿದಿದೆ. ಅಳಿಸಿಹೋಗಲು ಅಲ್ಲೇನೂ ಇರಲಿಲ್ಲ.