ಮಧ್ಯಾಹ್ನ ಯಾರೂ ಬರುವುದಿಲ್ಲ

ಮೊನ್ನೆ ಮದರಾಸಿನ ಟಿ. ನಗರದ ಪಾರ್ಕಿನ ಗೇಟಿಗೆ ಹೊಸ ಬಣ್ಣ ಬಳಿದಿದ್ದರು. ಮಧ್ಯಾಹ್ನ ಎರಡೂವರೆ, ಗೇಟಿಗೆ ಬೀಗ. ಬಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮೈಯೆಲ್ಲ ಉರಿದುಹೋಯಿತು. ಮುದುಕನಿಗೆ ಒಂದು ಬೀಗದ ಮೇಲೆ ಇಷ್ಟು ಸಿಟ್ಟೇ ಎಂದು ನೀವು ನಗಬಹುದು. ನಗಿ. ಆ ಬೀಗ ಹಾಕಿಸಿದವರಲ್ಲಿ ನಾನೂ ಒಬ್ಬ.

ಐವತ್ತರ ದಶಕದ ಕೊನೆ. ಎಗ್ಮೋರಿನ ಒಂದು ಕಚೇರಿಯಲ್ಲಿ ನಾನು ನಕ್ಷೆ ಬರೆಯುವ ಗುಮಾಸ್ತ. ಎಣ್ಣೂರಿನಿಂದ ತಾಂಬರಂವರೆಗೆ ಮುಂದಿನ ಇಪ್ಪತ್ತು ವರ್ಷ ಎಲ್ಲೆಲ್ಲಿ ಪಾರ್ಕು, ಎಲ್ಲೆಲ್ಲಿ ಆಟದ ಬಯಲು, ಕಡಲಂಚಿಗೆ ಎಲ್ಲಿ ಕಾಲುದಾರಿ ಎಂಬುದನ್ನೆಲ್ಲ ಅಲ್ಲಿ ಯೋಜಿಸುತ್ತಿದ್ದರು. ನಾನು ಹಸಿರು ತುಂಬುತ್ತಿದ್ದೆ. ಕುಂಚ ಹಿಡಿದರೆ ಮದರಾಸೇ ನನ್ನದು ಅನ್ನಿಸುತ್ತಿತ್ತು. ಎಂಥ ಧಿಮಾಕು!

ಟಿ. ನಗರದ ಈ ಪಾರ್ಕಿಗೆ ಯಾವ ಹೊತ್ತಿನಲ್ಲಿ ಎಷ್ಟು ಜನ ಬರುತ್ತಾರೆಂದು ಎಣಿಸಿ ಬಾ ಎಂದರು ನಮ್ಮ ಸಾಹೇಬರು. ಬೆಳಿಗ್ಗೆ ಎಣಿಸಿದೆ, ಸಂಜೆ ಎಣಿಸಿದೆ. ಮಧ್ಯಾಹ್ನ ಮಾತ್ರ ಎದುರಿನ ಉಡುಪಿ ಹೋಟೆಲಿನಲ್ಲಿ ಹೊಟ್ಟೆ ತುಂಬ ಉಂಡು, ಗೋಡೆಗೊರಗಿ ನಿದ್ದೆ ಹೊಡೆದೆ. ಆ ಬಿಸಿಲಿನಲ್ಲಿ ಯಾರು ಬರುತ್ತಾರೆ ಎಂದು ಸೊನ್ನೆ ಬರೆದು ಸಹಿ ಹಾಕಿದೆ. ಸಾಹೇಬರಿಗೆ ಖುಷಿಯೋ ಖುಷಿ. ಮಧ್ಯಾಹ್ನ ಗೇಟು ಮುಚ್ಚಿಸಿ ಗಿಡಗಳಿಗೆ ನೀರು ಹಾಕಿಸೋಣ ಎಂದರು. ನೆತ್ತಿ ಸುಡುವ ಹೊತ್ತಿನಲ್ಲಿ ಯಾವ ಮಾಲಿ ನೀರು ಹಾಕುತ್ತಾನೆ ಎಂದು ನಾನಾದರೂ ಕೇಳಬೇಡವೇ?

ಬೀಗ ಬಿದ್ದ ವಾರ ಹೋಟೆಲಿನಲ್ಲಿ ದೋಸೆ ಹಾಕುವ ವಾಸಣ್ಣ, ಕುಂದಾಪುರದ ಕಡೆಯವರು, ನನ್ನ ಎಲೆಯ ಮುಂದೆ ಬಂದು ನಿಂತರು.

“ಪಾರ್ಕಿಗೆ ಬೀಗ ಹಾಕಿದ್ದು ನಿಮ್ಮ ಆಫೀಸಿನವರಂತೆ, ಹೌದಾ ಮಾರಾಯ್ರೆ?”

“ಆ ಹೊತ್ತಲ್ಲಿ ಯಾರೂ ಬರಲ್ವಲ್ಲ ವಾಸಣ್ಣ.”

“ಯಾರೂ ಬರುದಿಲ್ವಾ? ನಾಲ್ಕು ಗಂಟೆಗೆ ಎದ್ದು ಒಲೆ ಹಚ್ಚುವವ್ರಿಗೆ ಬಿಡುವಿರುದೇ ಮಧ್ಯಾಹ್ನ ಆ ಎರಡು ಗಂಟೆ ಹೊತ್ತು. ನೀವಿಲ್ಲಿ ಗೊರಕೆ ಹೊಡೀತಿರುವಾಗ ನಿಮ್ಮ ಎದುರೇ ಚಾಪೆ ಹಿಡ್ಕೊಂಡು ಪಾರ್ಕಿನ ನೆರಳಿಗೆ ಹೋಗ್ತಿದ್ದೆವಲ್ಲ! ಈಗ ಮಾಳಿಗೆ ಮೇಲೆ ತಗಡಿನ ಅಡಿ ಬೇಯ್ತಾ ಇದ್ದೇವೆ. ನಾವೆಂತ ಜನ ಅಲ್ವಾ?”

ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಅಂದೇ ಸಾಹೇಬರ ಮುಂದೆ ಹೋಗಿ ನಿಂತು, ಮಧ್ಯಾಹ್ನವೂ ಗೇಟು ತೆಗೆಸಿ ಸಾರ್ ಎಂದೆ. “ಎಲ್ಲ ಮಂಜೂರಾಗಿದೆಯಪ್ಪ. ಇಪ್ಪತ್ತು ವರ್ಷ ಆದ್ಮೇಲೆ ನೋಡೋಣ” ಎಂದು ಅವರು ಫೈಲು ಮುಚ್ಚಿದರು. ಸೊನ್ನೆ ಸುಳ್ಳು ಸಾರ್, ನಾನು ನಿದ್ದೆ ಮಾಡಿದ್ದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನೌಕರಿ ಹೋದೀತೆಂದು ಬಾಯಿ ಬಿಡಲಿಲ್ಲ, ಹೇಡಿ. ಆ ಬೇಸಿಗೆಯಲ್ಲೇ ವಾಸಣ್ಣ ಕಾವಲಿಯ ಮುಂದೆ ತಲೆಸುತ್ತಿ ಬಿದ್ದರು. ಊರಿಗೆ ಹೋದವರು ಮತ್ತೆ ಬರಲೇ ಇಲ್ಲ.

ಮೊನ್ನೆ ಅದೇ ಗೇಟಿನ ಹೊರಗೆ, ಸುಡುವ ಫುಟ್‌ಪಾತಿನ ಮೇಲೆ, ಸೀರೆ ಅಂಗಡಿಯ ಹೆಂಗಸರು ಕೂತು ಬುತ್ತಿ ಬಿಚ್ಚಿದ್ದರು. ಇಡೀ ದಿನ ನಿಂತೇ ದುಡಿಯುವವರು. ಒಳಗೆ ಬೆಂಚುಗಳೆಲ್ಲ ಖಾಲಿ.

ಕಾವಲುಗಾರನನ್ನು ಕೂಗಿದೆ. “ಈ ಹೊತ್ತಿಗೆ ಯಾರೂ ಬರುವುದಿಲ್ಲ ಎಂದು ಬರೆದವನು ನಾನೇ ಕಣಪ್ಪಾ. ಸುಳ್ಳು ಬರೆದೆ. ಬೀಗ ತೆಗಿ” ಎಂದು ತಮಿಳಿನಲ್ಲಿ ಕಿರುಚಿದೆ. ಹೆಂಗಸರು ತುತ್ತು ಕೈಯಲ್ಲೇ ಹಿಡಿದು ನೋಡಿದರು.

ಆತ ಪಾಪ, ತಲೆ ಕೆರೆದುಕೊಂಡ. “ಅದನ್ನೆಲ್ಲ ಆಫೀಸಲ್ಲಿ ಹೇಳಬೇಕು ಸಾರ್” ಎಂದ.

ನಿಜ, ಅಲ್ಲೇ ಹೇಳಬೇಕಿತ್ತು. ಎಗ್ಮೋರಿನ ಬಸ್ಸು ಹತ್ತಿದೆ.