ಮುಚ್ಚಳದ ಸದ್ದು

ಬೆಳಕು ಹರಿಯುವ ಮೊದಲು ಸೊಸೆ ಮಾಡಿ ಮುಗಿಸುತ್ತಿದ್ದ ಕೆಲಸಗಳಿವು: ಹಾಲು ಕಾಯಿಸುವುದು, ಕುಕ್ಕರ್ ಏರಿಸುವುದು, ಮೂರು ಡಬ್ಬಿಗಳಿಗೆ ಊಟ ತುಂಬುವುದು, ಗಂಡನ ಅಂಗಿಗೆ ಇಸ್ತ್ರಿ ಹಾಕುವುದು, ಮಗಳ ಕಾಲುಚೀಲದ ಜೋಡಿ ಹುಡುಕುವುದು, ಅತ್ತೆಯ ಬೆರಳು ಚುಚ್ಚಿ ಸಕ್ಕರೆ ನೋಡುವುದು. ಇವುಗಳ ಸಂದಿಯಲ್ಲಿ ಎಂ.ಟೆಕ್. ಓದುವುದು.

ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ಅವಳು ಸೂತ್ರಗಳನ್ನು ಅಂಟಿಸಿದ್ದಳು. ಉಪ್ಪಿಗೆಂದು ತೆರೆದಾಗಲೆಲ್ಲ ಒಂದು ಸಾಲು ಬಾಯಿಪಾಠ. "ನಲವತ್ತಾದ ಮೇಲೆ ಇದೆಲ್ಲ ಯಾಕೆ ಬೇಕಿತ್ತೋ" ಎಂದು ಅತ್ತೆ ಪಕ್ಕದ ಮನೆಯವಳ ಮುಂದೆ ಆಡಿಕೊಂಡದ್ದೂ ಉಂಟು. ಮೂರು ವರ್ಷ ಕಳೆಯುವಷ್ಟರಲ್ಲಿ ಆ ಬಾಯಿ ತಾನಾಗಿ ಕಟ್ಟಿಹೋಯಿತು. ವಾರವೆಲ್ಲ ನೀರಿನ ಪಂಪ್‌ಹೌಸ್‌ನಲ್ಲಿ ದುಡಿದು, ಶನಿವಾರ ಭಾನುವಾರ ಕ್ಲಾಸಿಗೆ ಓಡಿ, ಸೋಮವಾರ ಮತ್ತೆ ಒಲೆಯ ಮುಂದೆ ನಿಲ್ಲುವ ಈ ಕಡ್ಡಿಯಂಥ ಹೆಂಗಸಿಗೆ ಕಸುವು ಎಲ್ಲಿಂದ ಬರುತ್ತದೆಂಬುದು ಅತ್ತೆಗೆ ಬಗೆಹರಿಯಲಿಲ್ಲ.

ಒಮ್ಮೆ ಸೊಸೆ ಅವರನ್ನೂ ಪಂಪ್‌ಹೌಸಿಗೆ ಕರೆದೊಯ್ದಿದ್ದಳು. ಮೊಳದುದ್ದದ ಸ್ಕ್ರೂಡ್ರೈವರ್‌ನ ತುದಿಯನ್ನು ಪಂಪಿಗೆ ಒತ್ತಿ, ಹಿಡಿಯನ್ನು ಅತ್ತೆಯ ಕಿವಿಗಿಟ್ಟಳು.

"ಅಯ್ಯೋ, ಒಳಗೆ ಯಾರೋ ಬೀಸೋಕೆ ಕೂತಿದ್ದಾರಲ್ಲೇ!"

"ಬೇರಿಂಗ್ ಸವೀತಿದೆ ಅತ್ತೆ. ಕೈಕೊಡೋ ಎಷ್ಟೋ ತಿಂಗಳ ಮುಂಚೇನೇ ಹೀಗೆ ಹೇಳುತ್ತೆ. ಅದನ್ನ ಕೇಳಿಸ್ಕೊಳ್ಳೋದೇ ನನ್ನ ಪ್ರಾಜೆಕ್ಟು."

ಊರಿಗೆಲ್ಲ ನೀರು ದೂಡುವ ಆ ದೈತ್ಯ ತನ್ನ ನೋವನ್ನು ಈ ಹುಡುಗಿಗೆ ಹೇಳಿಕೊಳ್ಳುತ್ತದೆಯೇ! ಮನೆಗೆ ಬಂದು ಎರಡು ದಿನ ಅತ್ತೆಗೆ ಬೇರೆ ಮಾತೇ ಇರಲಿಲ್ಲ.

ಪ್ರಾಜೆಕ್ಟಿನ ವರದಿ ಸಲ್ಲಿಸಲು ಸೋಮವಾರ ಕೊನೆಯ ದಿನ. ಈ ಸಲ ಪಾಸಾದರೆ ವರ್ಷಾಂತ್ಯದ ಬಡ್ತಿ ಅವಳಿಗೇ. ಭಾನುವಾರ ಬೆಳಿಗ್ಗೆ ಅತ್ತೆ ಮಿಕ್ಸಿ ಹಾಕಿದಾಗ ಅದು ಗಡಗಡ ಎಂದಿತು.

"ಮಿಕ್ಸಿ ಕಥೆ ಮುಗೀತು ಅನ್ಸುತ್ತೆ" ಎಂದಳು ಸೊಸೆ.

"ಮಿಕ್ಸಿಗೇನು ಧಾಡಿ? ರಂಪ ಮಾಡ್ತಿರೋದು ಮುಚ್ಚಳ." ಅತ್ತೆ ಅಂಗೈ ಊರಿದರು. ಗಡಗಡ ನಿಂತಿತು. "ನೋಡು ಇಂಜಿನಿಯರಮ್ಮ, ಇದಕ್ಕೂ ಡಿಗ್ರಿ ಬೇಕಾ?"

ಸೊಸೆ ನಗಲಿಲ್ಲ. ಅತ್ತೆಯ ಅಂಗೈಯನ್ನೇ ನೋಡುತ್ತ ನಿಂತಳು. ಕ್ಲಾಸಿಗೆ ಹೋಗದೆ ನೇರ ಪಂಪ್‌ಹೌಸಿಗೆ ಹೋದವಳು ಮರಳಿದ್ದು ಸಂಜೆಗೆ.

"ಪಂಪಿಗೆ ಬಣ್ಣ ಹೊಡೆದಾಗ, ಅದರ ನಡುಕ ಅಳೆಯೋ ಸೆನ್ಸರ್ ಇಡೋ ಗುರುತು ಅಳಿಸಿಹೋಗಿತ್ತು. ಅಂದಾಜಲ್ಲಿ ಮತ್ತೆ ಹಾಕಿದ್ದೆ. ಸೆನ್ಸರ್ ಕೂತಿರೋದು ಬೇರಿಂಗ್ ಪಕ್ಕದ ತಗಡಿನ ಮುಚ್ಚಳದ ಮೇಲೆ. ಇವತ್ತು ಕೈ ಒತ್ತಿ ನೋಡಿದೆ, ಅಳತೆ ಅರ್ಧಕ್ಕಿಳೀತು. ನಾಲ್ಕು ತಿಂಗಳಿಂದ ನಾನು ಬರ್ಕೊಂಡಿದ್ದು ಬೇರಿಂಗ್ ಮಾತಲ್ಲ ಅತ್ತೆ, ಮುಚ್ಚಳದ ಮಾತು."

"ನಿಮ್ಮ ಗೈಡೇ ಭೇಷ್ ಅಂದಿದ್ದಾರಲ್ಲ" ಎಂದ ಗಂಡ. "ನಾಳೆ ಕಳಿಸಿ ಕೈ ತೊಳ್ಕೋ. ಇನ್ನೂ ಆರು ತಿಂಗಳು ಈ ಮನೆ ಹೀಗೇ ನಡೀಬೇಕಾ?"

"ಈ ಮನೆ ಹೇಗೆ ನಡೀತಿದೆ ಅಂತ ನಿಮಗೆ ಗೊತ್ತಾ? ಮಗಳ ಕಾಲುಚೀಲ ಎಲ್ಲಿರುತ್ತೆ, ಹೇಳಿ ನೋಡೋಣ."

ಅವನು ಟಿವಿಯ ಸದ್ದು ಹೆಚ್ಚಿಸಿದ.

ತನ್ನ ಹಾಳು ಬಾಯಿ ಮುಚ್ಚಿಕೊಂಡಿದ್ದರೆ ಇವಳು ಸುಮ್ಮನೆ ಪಾಸಾಗುತ್ತಿದ್ದಳಲ್ಲ ಎಂದು ಹಳಹಳಿಸುತ್ತ ಮಲಗಿದ ಅತ್ತೆಗೆ ಸೋಮವಾರ ಬೇಗನೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ದೀಪವಿತ್ತು, ಒಲೆ ಉರಿಯುತ್ತಿರಲಿಲ್ಲ. ಸೊಸೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಪರದೆಯ ಮೇಲೆ ನಾಲ್ಕು ತಿಂಗಳ ಅಳತೆಗಳ, ಗೈಡ್ ಮೆಚ್ಚಿದ ನೀಲಿ ಗೆರೆ ಬೆಟ್ಟದಂತೆ ಏರಿತ್ತು. 'ಕಳಿಸಿಬಿಡು ತಾಯಿ, ದಣಿದಿದ್ದೀಯ' ಎಂಬ ಮಾತು ಅತ್ತೆಯ ನಾಲಿಗೆ ತುದಿಗೆ ಬಂತು. ಆದರೆ ಸೊಸೆ ತಿರುಗಿ ನೋಡಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಒಂದೇ ಬೆರಳಿನಿಂದ ಅಳಿಸುವ ಕೀಲಿ ಒತ್ತಿದಳು. ನೀಲಿ ಬೆಟ್ಟ ಇದ್ದಲ್ಲಿ ಬಿಳಿ ಹಾಳೆ ಉಳಿಯಿತು.

ಗೈಡ್‌ಗೆ ಮೂರೇ ಸಾಲು ಬರೆದಳು: ಗುರುತು ತಪ್ಪಿದ್ದು ನನ್ನಿಂದ. ಅಳತೆಗಳನ್ನು ಮೊದಲಿನಿಂದ ಮಾಡುತ್ತೇನೆ. ಮುಂದಿನ ಸೆಮಿಸ್ಟರ್‌ಗೆ ಸಲ್ಲಿಸುತ್ತೇನೆ.

ನಾಲ್ಕು ತಿಂಗಳ ದುಡಿಮೆಯನ್ನು ಹೀಗೆ ಕೈಯಾರೆ ಒರೆಸಿಹಾಕುವ ಗಟ್ಟಿ ಜೀವವೊಂದು ಇಷ್ಟು ವರ್ಷ ತನ್ನ ಮನೆಯಲ್ಲಿ ಕಾಲುಚೀಲ ಹುಡುಕಿಕೊಂಡಿತ್ತೇ! ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು.

ಸೊಸೆ ಹಾಲಿನ ಪಾತ್ರೆ ಮುಟ್ಟಲಿಲ್ಲ. ಸೆನ್ಸರ್ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಇನ್ನೂ ಕತ್ತಲಿದ್ದ ಬೀದಿಗಿಳಿದಳು.