ಅಂಗೈಯ ಗೆರೆ ಕಾಣುವವರೆಗೆ

ನಮ್ಮ ಅತ್ತೆ ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ನಾವು ಜೈನರು. ಖಾನಾಪುರದ ನಮ್ಮ ಮನೆಯಲ್ಲಿ ಆ ನೇಮವನ್ನು ಈಗ ಪೂರಾ ಪಾಲಿಸುವವರು ಅವರೊಬ್ಬರೇ. ಮೋಡ ಕವಿದ ಸಂಜೆಗಳಲ್ಲಿ ಬಾಗಿಲಿಗೆ ಬಂದು ಅಂಗೈ ಚಾಚಿ ನೋಡಿಕೊಳ್ಳುತ್ತಾರೆ. ಗೆರೆ ಕಂಡರೆ ಇನ್ನೂ ಬೆಳಕಿದೆ ಎಂದು ಅರ್ಥ.

"ಏ ಹುಡುಗಿ, ಗೆರಿ ಮಾಸಾಕತ್ತಾವ, ಲಗೂನ ತಾಟ ಹಚ್ಚ!"

ನನ್ನ ತಲೆ ಅರ್ಧ ಬೆಳ್ಳಗಾಗಿದೆ. ಅವರಿಗೆ ನಾನಿನ್ನೂ ಹುಡುಗಿಯೇ.

ಬಚ್ಚಲಲ್ಲಿ ಜಾರಿ ಸೊಂಟ ಮುರಿದಾಗ ಬೆಳಗಾವಿಯಲ್ಲಿ ಆಪರೇಶನ್ ಆಯಿತು. ಎದ್ದು ಓಡಾಡುವಂತಾಗುವವರೆಗೆ ಇರಲಿ ಎಂದು ಅಲ್ಲೇ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಆಗಾಗ ಮಗ್ಗುಲು ಬದಲಿಸಿ, ಸಂಜೆಯ ಊಟ ಬೆಳಕಿರುವಾಗಲೇ ಕೊಡಿ ಎಂದು ಹೇಳಿದ್ದೆ. "ಅದೇನ್ ದೊಡ್ಡದ್ರೀ ಅಕ್ಕಾರ" ಎಂದಿದ್ದರು ಮ್ಯಾನೇಜರು. ಭೇಟಿಗೆ ಬಿಡುತ್ತಿದ್ದುದು ಭಾನುವಾರ ಮಧ್ಯಾಹ್ನ ಮಾತ್ರ. ಹೋದಾಗಲೆಲ್ಲ ಊಟ ಹೇಗಿದೆ ಎಂದು ಕೇಳುತ್ತಿದ್ದೆ. "ಛಲೋ ಐತಿ, ಸಾರಿಗೆ ಉಪ್ಪ ಕಡಿಮಿ, ಅಷ್ಟ" ಎನ್ನುತ್ತಿದ್ದರು. ಇನ್ನೊಬ್ಬರಿಗೆ ತ್ರಾಸು ಕೊಡುವುದೆಂದರೆ ಅವರಿಗೆ ಮುಳ್ಳಿನ ಮೇಲೆ ಕೂತಂತೆ.

ನಡೆಯುತ್ತಿದ್ದುದೇ ಬೇರೆ, ನನಗೆ ತಿಳಿದದ್ದು ಆಮೇಲೆ. ರಾತ್ರಿಯ ತಾಟು ದೀಪ ಹಚ್ಚಿದ ಮೇಲೆ ಬರುತ್ತಿತ್ತು. ಇವರು ಕೈಮುಗಿದು "ಬ್ಯಾಡ" ಎನ್ನುತ್ತಿದ್ದರು. ಮಧ್ಯಾಹ್ನದ್ದನ್ನು ಮಲಗಿದವರ ಕೈಗೆಟುಕದ ಮೇಜಿನ ಮೇಲಿಟ್ಟು ಹೋಗಿ, ಹಾಗೆಯೇ ಎತ್ತಿಕೊಂಡು ಹೋಗುತ್ತಿದ್ದರು. ಬೆಳಗಿನ ತಿಂಡಿಯೊಂದೇ ಹೊಟ್ಟೆಗೆ ಬೀಳುತ್ತಿತ್ತು.

ನನಗೆ ಜ್ವರ ಬಂದ ಒಂದು ಭಾನುವಾರ ಬೀಡಿ ಎಂಬ ಊರಿನಿಂದ ಅತ್ತೆಯ ತಂಗಿ ನೋಡಲು ಹೋದರು. ಮುಟ್ಟದ ತಾಟು ಕಂಡರು, ಅಕ್ಕನ ಬತ್ತಿದ ಮುಖ ಕಂಡರು. ಅಲ್ಲಿನ ಆಯಾ "ಅಜ್ಜಿ ಎರಡೂ ಹೊತ್ತ ಉಣ್ಣಂಗಿಲ್ರಿ" ಅಂದಳು. ತಂಗಿಗೆ ಹೊಳೆದದ್ದು ಒಂದೇ: ಅಕ್ಕ ಸಲ್ಲೇಖನ ಹಿಡಿದಿದ್ದಾಳೆ, ಕೊನೆಗಾಲಕ್ಕೆ ಅನ್ನನೀರು ಬಿಡುವ ವ್ರತ. ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಬೀಡಿಯ ಬಂಧುಗಳೆಲ್ಲ ಒಂದು ಟೆಂಪೋದಲ್ಲಿ ಬಂದು, ಸಾಲಾಗಿ ನಿಂತು ಅತ್ತೆಯ ಕಾಲು ಮುಟ್ಟುತ್ತಿದ್ದರು. ಮ್ಯಾನೇಜರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರನ್ನೆಲ್ಲ ಹೊರಗೆ ಕಳಿಸಿ ನಾನು ಸೀರೆ ಬದಲಿಸಲು ಮಗ್ಗುಲು ತಿರುಗಿಸಿದೆ. ಬೆನ್ನ ಕೆಳಗೆ ಅಂಗೈಯಗಲ ಹುಣ್ಣು. ಅವತ್ತೇ ಮನೆಗೆ ಕರೆತಂದೆವು.

ಹುಣ್ಣು ಮಾಯಲು ಒಂದು ಮಳೆಗಾಲ ಹಿಡಿಯಿತು. ಮೆತ್ತನೆ ಅನ್ನಕ್ಕೆ ತುಪ್ಪ ಕಲಸಿ ಉಣಿಸಿದೆ, ಹೆಸರುಬೇಳೆ ಪಾಯಸ ಮಾಡಿದೆ. ಅತ್ತೆ ಗೋಡೆ ಹಿಡಿದು ನಡೆಯುವಷ್ಟಾದಾಗ ನಾವು ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆವು. ಆ ಕಡೆಯಿಂದ ಬಂದ ಉತ್ತರವನ್ನು ನಮ್ಮ ವಕೀಲರು ಓದಿ ಹೇಳಿದರು: ಅಜ್ಜಿ ತಾವಾಗಿಯೇ ವ್ರತ ಹಿಡಿದು ಊಟ ಬಿಟ್ಟಿದ್ದರು, ಬಂಧುಗಳೇ ಬಂದು ನಮಸ್ಕರಿಸಿ ಹೋಗಿದ್ದಾರೆ, ಹುಣ್ಣಾದದ್ದು ಆ ನಿಶ್ಶಕ್ತಿಯಿಂದ.

"ಅಜ್ಜಿ ಬಾಯಿಬಿಟ್ಟ ಹೇಳಬೇಕ್ರಿ, ಇಲ್ಲಂದ್ರ ಕೇಸ ನಿಲ್ಲಂಗಿಲ್ಲ" ಎಂದರು ವಕೀಲರು.

ಅತ್ತೆ ಒಪ್ಪಲಿಲ್ಲ. ಸಲ್ಲೇಖನ ಹಿಡಿದಿದ್ದವರೆಂದು ಬಸದಿಯಲ್ಲಿ ಹೆಂಗಸರು ಇನ್ನೂ ಎದ್ದು ಅವರಿಗೆ ಜಾಗ ಬಿಡುತ್ತಿದ್ದರು.

"ಹಸದಿದ್ದೆ ಅಂತ ಮಂದಿ ಮುಂದ ಹ್ಯಾಂಗ ಹೇಳ್ಲೆ ಹುಡುಗಿ? ಕಾಲ ಮುಟ್ಟಿದವ್ರು ಏನಂದಾರು?"

"ವ್ರತ ಹಿಡದವ್ರು ಪಾಯಸಾ ಎರಡ ಸಲ ಹಾಕಿಸ್ಕೊಂತಾರೇನ್ರಿ ಅತ್ತ್ಯಾರ?"

"ಸುಮ್ನಿರ, ಬಾಳ ಶಾಣ್ಯಾಕಿ ಆಗೀದಿ" ಎಂದರು. ನಕ್ಕರು ಕೂಡ.

ತಾರೀಖಿನ ಮೇಲೆ ತಾರೀಖು ಬಿತ್ತು. ಪ್ರತಿ ಸಲ ಬುತ್ತಿ ಕಟ್ಟಿಕೊಂಡು ಬೆಳಗಾವಿಗೆ ಹೋಗುವುದು, ಬೆಂಚಿನ ಮೇಲೆ ಕೂತು ವಾಪಸ್ಸು ಬರುವುದು. ಕಡೆಗೊಂದು ದಿನ ಹೊತ್ತು ಇಳಿಯುವಾಗ ನಮ್ಮನ್ನು ಕರೆದರು. ಬೀಡಿಯ ಬಂಧುಗಳೂ ಬಂದು ಹಿಂದೆ ಕೂತಿದ್ದರು. ಆ ಕಡೆಯ ವಕೀಲರು ಮೃದುವಾಗಿಯೇ ಕೇಳಿದರು:

"ಅಜ್ಜಿ, ತಾಟ ತಂದಾಗ ನೀವ ಬ್ಯಾಡ ಅಂದಿದ್ದು ಖರೇನ್ರಿ?"

"ಖರೇರಿ."

"ಮತ್ತ ಅದು ವ್ರತ ಅಲ್ಲೇನ್ರಿ?"

ಅತ್ತೆ ಹಿಂದಕ್ಕೆ ತಿರುಗಿ ತಂಗಿಯನ್ನು ನೋಡಿದರು. ಸೆರಗು ಸರಿಮಾಡಿಕೊಂಡರು. ಇವತ್ತೂ ಹೇಳಲಾರರು ಎಂದುಕೊಂಡೆ.

"ಅಲ್ರಿ ಸಾಹೇಬ್ರ. ನಂಗ ಹಸಿವಾಗತಿತ್ತ, ದಿನಾ. ಹೊತ್ತ ಮುಳುಗಿದ ಮ್ಯಾಲ ತಂದ್ರ ನಾ ಹ್ಯಾಂಗ ಉಣ್ಲಿ? ಬೆಳಕ ಇದ್ದಾಗ ತಂದಿದ್ರ ತಾಟ ನೆಕ್ಕತಿದ್ದೆ." ಆಮೇಲೆ ಸಣ್ಣ ದನಿಯಲ್ಲಿ, "ಇವ್ರೆಲ್ಲಾ ಕಾಲ ಮುಟ್ಟಿದ್ರು, ಅದಕ್ಕ ಬಾಯಿ ಬರಲಿಲ್ಲ" ಎಂದರು.

ಹೇಳಿದ್ದನ್ನು ಬರೆದುಕೊಂಡರು. ಆದೇಶ ಇನ್ನೂ ಬಂದಿಲ್ಲ. ಬರುತ್ತದೆ ಎನ್ನುತ್ತಾರೆ ನಮ್ಮ ವಕೀಲರು.

ಅವತ್ತು ಹೊರಗೆ ಬಂದಾಗ ಅತ್ತೆ ಯಾರ ಮುಖವನ್ನೂ ನೋಡದೆ ಬೆಂಚಿನ ತುದಿಯಲ್ಲಿ ಕುಳಿತರು. ತಂಗಿ ಎದುರು ಬಂದು ನಿಂತರು.

"ಅಕ್ಕಾ, ಎಂಥಾ ಹುಚ್ಚಿ ನಾನು. ಕಾಲ ಮುಟ್ಟಿದೆ, ಒಂದ ತುತ್ತ ಬಾಯಿಗೆ ಕೊಡಲಿಲ್ಲ."

"ಆತು ಬಿಡ. ಈಗರೆ ಏನರ ತಂದೀಯೋ, ಬರೇ ಅಳಾಕ ಬಂದೀಯೋ?"

ತಂಗಿ ಕಣ್ಣೊರೆಸಿಕೊಳ್ಳುತ್ತಲೇ ಚೀಲದಿಂದ ರೊಟ್ಟಿಯ ಗಂಟು ತೆಗೆದರು. ಅತ್ತೆ ಅಂಗೈ ಚಾಚಿ ನೋಡಿಕೊಂಡರು.

"ಅದಾವ, ಇನ್ನೂ ಗೆರಿ ಅದಾವ. ಲಗೂನ ಬಿಚ್ಚ."